ಆರು ನಕ್ಷತ್ರದ ಗಾಡಿ ಮಾರಾಟಕ್ಕಿದೆ

ಸಾವಾದ ಮನೆಯಲ್ಲಿ ನಗಬಾರದು ಅಂತ ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಅವರು ತೀರಿಕೊಂಡ ಗಂಡನ ಕಾರನ್ನು ಮಾರಲು ಹೊರಟವರಂತೂ ಅಲ್ಲ. ಈ ಚಳಿಗಾಲದಲ್ಲಿ ನಾನು ಅತ್ತದ್ದೆಷ್ಟೋ ನಕ್ಕದ್ದೂ ಅಷ್ಟೇ, ಎರಡೂ ಆ ಕಾರಿನ ದೆಸೆಯಿಂದ.

ನಮ್ಮವರು ಹೋದ ಆಗಸ್ಟಿನಲ್ಲಿ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಸೋಫಾದ ಮೇಲೆ ಕೂತವರು ಏಳಲಿಲ್ಲ. ಕೆನಡಾದ ಮೆಡೋವೇಲ್‌ನ ನಮ್ಮ ಮನೆಯ ಡ್ರೈವ್‌ವೇನಲ್ಲಿ ಅವರ ಹಸಿರು ಗಾಡಿ ನಿಂತೇ ಇತ್ತು. ಜಪಾನಿನದು. ಮೂತಿಯ ಮೇಲೆ ಆರು ನಕ್ಷತ್ರದ ಗುರುತು, ಎಂಜಿನ್ನಿನ ಎಳೆತ ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು. ನನಗೂ ಲೈಸೆನ್ಸ್ ಇದೆ, ಬೇಸಿಗೆಯಲ್ಲಿ ತರಕಾರಿ ತರುವಷ್ಟು ಓಡಿಸುತ್ತೇನೆ. ಹಿಮ ಬಿದ್ದ ಮೇಲೆ ಮಾತ್ರ ಸ್ಟೀರಿಂಗ್ ಮುಟ್ಟಿದವಳಲ್ಲ, ಅದು ಅವರ ಇಲಾಖೆ. ಕ್ಯಾಲ್ಗರಿಯಲ್ಲಿರುವ ಮಗಳು, "ಅಮ್ಮಾ, ಜಸ್ಟ್ ಸೆಲ್ ಇಟ್" ಅಂದಳು. ಸರಿ ಅಂದೆ. ಅವರನ್ನು ಒಂದು ಸಲ ಕಳಿಸಿಕೊಟ್ಟಾಗಿದೆ, ಈ ಗಾಡಿಯೂ ಹೋದರೆ ಎರಡನೇ ಸಲ ಕಳಿಸಿಕೊಟ್ಟ ಹಾಗಾಗುತ್ತದೆ ಅಂತ ಅವಳಿಗೆ ಫೋನಿನಲ್ಲಿ ಹೇಗೆ ಹೇಳುವುದು?

ಆರು ತಾಯಂದಿರು

ನಮ್ಮವರು ಧಾರವಾಡದ ಕಡೆಯವರು, ಮೆಕ್ಯಾನಿಕಲ್ ಎಂಜಿನಿಯರು. ನಿವೃತ್ತಿಯಾಗುವ ತನಕ ವುಡ್‌ಬ್ರಿಡ್ಜ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ. ಯಾರ ಮನೆಗೆ ಊಟಕ್ಕೆ ಹೋದರೂ ಅನ್ನ ಸಾರು ಮುಗಿಯುವುದರೊಳಗೆ ಈ ಕಾರಿನ ಕಂಪನಿಯ ಚರಿತ್ರೆ ಶುರು. ಮೊದಲು ವಿಮಾನ ಮಾಡುತ್ತಿದ್ದವರಂತೆ. ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ವಿಮಾನ ಮಾಡಕೂಡದು ಅಂತಾಯಿತಂತೆ. ಅದೇ ಎಂಜಿನಿಯರುಗಳು ಸ್ಕೂಟರು ಮಾಡಿದರು, ಬಸ್ಸು ಮಾಡಿದರು, ಆಮೇಲೆ ಪುಟಾಣಿ ಕಾರು. ಚದುರಿಹೋಗಿದ್ದ ಐದು ಕಂಪನಿಗಳು ಸೇರಿ ಒಂದು ದೊಡ್ಡದಾಯಿತು, ಅದಕ್ಕೇ ಐದು ಸಣ್ಣ ನಕ್ಷತ್ರ, ಒಂದು ದೊಡ್ಡದು. ಹಿಮದ ಬೆಟ್ಟಗಳಲ್ಲಿ ಕರೆಂಟಿನ ಲೈನು ನೋಡಿಕೊಳ್ಳುವವರು "ನಮಗೆ ಅಲ್ಲಿಗೂ ಹತ್ತುವ ಗಾಡಿ ಬೇಕು" ಅಂದದ್ದರಿಂದ ನಾಲ್ಕು ಚಕ್ರದ ಎಳೆತ ಬಂತು. ಅಮೆರಿಕ, ಕೆನಡಾದಲ್ಲಿ ಅದನ್ನು ಮೆಚ್ಚಿದವರು ಸ್ಕೂಲು ಟೀಚರುಗಳು, ನರ್ಸುಗಳು, ನಾಯಿ ಸಾಕಿದವರು. "ಡೌಲು ಮಾಡೋ ಮಂದಿ ಅಲ್ಲ. ಹಿಮ ಬಿದ್ದರೂ ಕೆಲಸಕ್ಕ ಹೋಗಲೇಬೇಕಾದ ಮಂದಿ" ಅಂತ ಇವರ ಭಾಷಣ.

ಎಂಜಿನ್ನಿನ ಮಾತು ಬಂದರೆ ಇನ್ನೂ ಕಷ್ಟ. "ನೋಡ್ರಿ, ಬ್ಯಾರೆ ಕಾರಿನಾಗ ಪಿಸ್ಟನ್ ನಿಂತು ಕುಣೀತಾವ. ಇದರಾಗ ಮಲಗಿ ಗುದ್ದಾಡ್ತಾವ" ಅಂತ ಎರಡೂ ಮುಷ್ಟಿಯನ್ನು ಆಚೆಈಚೆ ಗುದ್ದಿ ತೋರಿಸುತ್ತಿದ್ದರು. ಅಕ್ಕಪಕ್ಕ ಕೂತವರು ತಟ್ಟೆ ಎತ್ತಿಕೊಂಡು ಸರಿದು ಕೂರುವುದನ್ನು ರೂಢಿ ಮಾಡಿಕೊಂಡಿದ್ದರು.

ಆ ಕಂಪನಿಯ ಹೆಸರಿಗೆ ಜಪಾನಿ ಭಾಷೆಯಲ್ಲಿ ನಮ್ಮ ಕೃತ್ತಿಕಾ ನಕ್ಷತ್ರ ಅಂತಲೇ ಅರ್ಥ. ಮೊದಲ ಗಾಡಿ ಕೊಂಡ ದಿನ ಧಾರವಾಡಕ್ಕೆ ಫೋನ್ ಮಾಡಿ ಅತ್ತೆಗೆ ಅದನ್ನೇ ಹೇಳಿದರು. ಮಗ ಹಿಮದಲ್ಲಿ ಕಾರು ಓಡಿಸುತ್ತಾನೆ ಅಂತ ವರ್ಷಗಟ್ಟಲೆ ಹೆದರಿದ್ದ ಅತ್ತೆ, "ಕೃತ್ತಿಕಾ ಅಂದ್ರ ಷಣ್ಮುಖನ್ನ ಸಾಕಿದ ಆರು ಮಂದಿ ತಾಯಂದಿರು. ಆರು ಮಂದಿ ನೋಡ್ಕೋತಾರಂದ್ರ ನಾ ಯಾಕ ಚಿಂತಿ ಮಾಡ್ಲಿ?" ಅಂದರು. ಇವರು ಗೆದ್ದೆ ಅನ್ನುವಂತೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಆ ಕಡೆಯಿಂದ, "ಆದ್ರೂ ಸ್ವೆಟರ್ ಹಾಕ್ಕೋ. ಆರು ಮಂದಿ ಅಂದ್ರ ಒಬ್ಬರು ಹಾಕ್ತಾರಂತ ಇನ್ನೊಬ್ಬರು ಸುಮ್ಮನಿರ್ತಾರ" ಅಂತ ಬಂತು.

ನಾಲ್ಕು ನಿಂಬೆಹಣ್ಣು

ಈ ಹಸಿರು ಗಾಡಿ ಬಂದದ್ದು ಕೆಲವು ವರ್ಷಗಳ ಹಿಂದಿನ ಒಂದು ಜನವರಿಯಲ್ಲಿ. ಹೊಸ ಗಾಡಿ ಅಂದ ಮೇಲೆ ಪೂಜೆ ಆಗಲೇಬೇಕು. ದೇವಸ್ಥಾನದ ಪಾರ್ಕಿಂಗಿನಲ್ಲಿ ಭಟ್ಟರು ಜಾಕೆಟ್ಟಿನ ಮೇಲೆ ಶಲ್ಯ ಹೊದ್ದು, ಕೈಗವಸಿನಲ್ಲೇ ಮಂತ್ರಾಕ್ಷತೆ ಹಾಕಿ, ಮುಂದಿನ ಎರಡು ಚಕ್ರದಡಿ ಎರಡು ನಿಂಬೆಹಣ್ಣು ಇಟ್ಟರು. ನಮ್ಮವರು ತಡೆದರು. "ಭಟ್ಟರ, ಇದು ನಾಲ್ಕೂ ಚಕ್ರದ್ದು. ಹಿಂದಿನವಕ್ಕೂ ಇಡ್ರಿ. ಎಲ್ಲಾ ಚಕ್ರ ಸರಿಯಾಗಿ ದುಡಿಯೂವಾಗ ಎರಡಕ್ಕ ಅಷ್ಟ ಮರ್ಯಾದಿ ಅಂದ್ರ ಹ್ಯಾಂಗ?"

ಭಟ್ಟರಿಗೂ ಚಳಿ. ವಾದಕ್ಕೆ ನಿಲ್ಲದೆ ಇನ್ನೆರಡು ಇಟ್ಟರು. ರಾತ್ರಿಯಿಡೀ ಡಿಕ್ಕಿಯಲ್ಲಿದ್ದ ಆ ನಿಂಬೆಹಣ್ಣುಗಳು ಕಲ್ಲಾಗಿದ್ದವು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಗಾಡಿ ಮುಂದೆ ಸರಿಯಿತು. ಮೂರು ನಿಂಬೆ ಅಲ್ಲೇ ಹಿಮದಲ್ಲಿ ಹೂತವು, ನಾಲ್ಕನೆಯದು ಚಿಮ್ಮಿ ಹೋಗಿ ಪಕ್ಕದ ಕಾರಿನ ಬಾಗಿಲಿಗೆ ಟಣ್ಣನೆ ಬಡಿಯಿತು.

ಆ ಪಕ್ಕದ ಕಾರು ಜರ್ಮನಿಯದು, ಹಿಂದಿನ ಚಕ್ರದ ಎಳೆತದ್ದು. ಅದರ ಒಡೆಯರು ಉಡುಪಿ ಕಡೆಯ ಒಬ್ಬ ನಿವೃತ್ತ ಡಾಕ್ಟರು, ನಮ್ಮವರ ಜೀವದ ಗೆಳೆಯರು, ಕಾರಿನ ವಿಷಯದಲ್ಲಿ ಮಾತ್ರ ಬದ್ಧ ವೈರಿ. ಇಪ್ಪತ್ತು ವರ್ಷ ಇಬ್ಬರೂ ಯಾವ ಕಾರು ಮೇಲು ಅಂತ ಜಗಳವಾಡಿದರು. ಒಮ್ಮೆ ಅದು ಜೋರಾಗಿ, "ಈ ಜನ್ಮದಲ್ಲಿ ನಿನ್ನ ಗಾಡಿಯ ಸ್ಟೀರಿಂಗ್ ಮುಟ್ಟುವುದಿಲ್ಲ" ಅಂತ ಡಾಕ್ಟರು ದೇವರ ಮನೆಯ ಮುಂದೆ ನಿಂತು ಪ್ರತಿಜ್ಞೆ ಮಾಡಿದ್ದೂ ಉಂಟು. ನಿಂಬೆ ಬಡಿದ ಆ ದಿನ ಅವರು ಬಾಗಿ ಬಾಗಿಲಿನ ಕುಳಿಯನ್ನು ಸವರಿ ನೋಡಿದರು. "ಎಂತ ಮಾರಾಯ, ನಿನ್ನ ಗಾಡಿಯ ದೃಷ್ಟಿ ತೆಗೆದು ನನ್ನದಕ್ಕೆ ಹಾಕಿದ್ದಾ?"

ಬಿಸಿ ಸೀಟು

ಗಾಡಿ ಮಾರಾಟಕ್ಕಿದೆ ಅಂತ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಮೊದಲು ಬಂದದ್ದು ಬೆಂಗಳೂರಿನ ಒಬ್ಬ ಸಾಫ್ಟ್‌ವೇರಿನ ಹುಡುಗ, ಜೊತೆಗೆ ಊರಿಂದ ಬಂದಿದ್ದ ಅವನ ತಂದೆ. ನವೆಂಬರಿನ ಚಳಿ. ಯಾರಾದರೂ ಬರುತ್ತಾರೆಂದರೆ ನಮ್ಮವರು ಮೊದಲೇ ಹೋಗಿ ಸೀಟಿನ ಹೀಟರು ಹಾಕಿಡುತ್ತಿದ್ದರು. ನಾನೂ ಹಾಗೇ ಮಾಡಿದೆ.

ಹುಡುಗನ ತಂದೆ ಡ್ರೈವರ್ ಸೀಟಿನಲ್ಲಿ ಕೂತು ಅದನ್ನೂ ಇದನ್ನೂ ಮುಟ್ಟಿ ನೋಡಿದರು. "ಗಾಡಿ ಚೆನ್ನಾಗಿ ಇಟ್ಕೊಂಡಿದೀರಮ್ಮ. ಯಾಕೆ ಕೊಡ್ತಿದೀರಿ?"

"ನಮ್ಮ ಯಜಮಾನ್ರದ್ದು. ಆಗಸ್ಟಲ್ಲಿ ಹೋಗ್ಬಿಟ್ರು."

"ಅಯ್ಯೋ. ಇದೇ ಗಾಡೀಲಿ..."

"ಇಲ್ಲ ಇಲ್ಲ, ಮನೇಲೇ. ಆದ್ರೆ ಇದ್ದಷ್ಟು ದಿನ ಈ ಸೀಟೇ ಅವರ ಸಿಂಹಾಸನ."

ಅವರ ಮುಖ ಬದಲಾಯಿತು. ಮೆಲ್ಲಗೆ ಒಂದು ಕೈಯನ್ನು ಸೀಟಿನ ಮೇಲಿಟ್ಟರು. ತೆಗೆದರು. ಮತ್ತೆ ಇಟ್ಟರು. "ಇದು ಬೆಚ್ಚಗಿದೆ" ಅಂದರು. "ಯಾರೋ ಈಗ ತಾನೇ ಎದ್ದು ಹೋದಂಗಿದೆ!" ನಾನು ಹೀಟರ್ ಅನ್ನುವಷ್ಟರಲ್ಲಿ ಅವರು ಬಾಗಿಲು ತೆಗೆದು, ರಾಮನಾಮ ಹೇಳುತ್ತಾ ರಸ್ತೆ ದಾಟಿ ಬಸ್‌ಸ್ಟಾಪಿನ ಕಂಬ ಹಿಡಿದು ನಿಂತಿದ್ದರು. ಮಗ ಹೋಗಿ ಎಷ್ಟು ವಿವರಿಸಿದರೂ ಅವರು ಈ ಕಡೆಗೆ ಬರಲಿಲ್ಲ. ಅಲ್ಲಿಂದಲೇ ನನಗೊಂದು ನಮಸ್ಕಾರ, ಗಾಡಿಗೆ ಇನ್ನೊಂದು.

ಅವರು ಹೋದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ನಾನೇ ಹೋಗಿ ಆ ಸೀಟಿನಲ್ಲಿ ಕೂತೆ. ಯಾರೋ ಈಗ ತಾನೇ ಎದ್ದು ಹೋದಂತೆ ಇತ್ತು, ಅವರು ಹೇಳಿದ್ದು ನಿಜ. ಅದು ಆರುವವರೆಗೂ ಕೂತು ಅತ್ತೆ. ಪಾಪ, ಹುಡುಗನ ತಂದೆ ಇನ್ನೂ ಅಲ್ಲೇ ನಿಂತು ಇದನ್ನು ನೋಡಿದ್ದರೆ ಇನ್ನೊಂದು ಕಂಬ ಆಚೆಗೆ ಓಡುತ್ತಿದ್ದರು.

ಉಪ್ಪಿಟ್ಟು, ಕೇಸರಿಬಾತು

ಆಮೇಲೂ ಜನ ಬಂದರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಅಂತ ಉಪ್ಪಿಟ್ಟು, ಕೇಸರಿಬಾತು, ಫಿಲ್ಟರ್ ಕಾಫಿ ಮಾಡಿಡುತ್ತಿದ್ದೆ. ಅವರು ತಿನ್ನುವಾಗ ವಿಚಾರಣೆ. ಗ್ಯಾರೇಜ್ ಇದೆಯಾ? ವಾರಕ್ಕೊಮ್ಮೆ ತೊಳೀತೀರಾ? ಕಾರೊಳಗೆ ಬರ್ಗರ್ ತಿಂತೀರಾ?

ಒಬ್ಬ ಬೂಟಿನ ಕೆಸರು ಕೊಡವದೆ ಒಳಗೆ ಕಾಲಿಟ್ಟ, ಅವನು ಬೇಡ. ಇನ್ನೊಬ್ಬರಿಗೆ ಆರು ನಕ್ಷತ್ರದ ಕಥೆ ಹೇಳುತ್ತಿದ್ದರೆ ಆಕಳಿಸಿದರು, ಅವರೂ ಬೇಡ. ಮತ್ತೊಬ್ಬಾಕೆ "ಆಂಟಿ, ಬಣ್ಣ ಸ್ವಲ್ಪ ಓಲ್ಡ್ ಫ್ಯಾಶನ್" ಅಂದಳು. ಅವಳಿಗೆ ಎರಡನೇ ಸಲ ಕಾಫಿ ಬಗ್ಗಿಸಲಿಲ್ಲ.

ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ನಕ್ಕಳು. "ಅಮ್ಮಾ! ಯು ಆರ್ ಸೆಲ್ಲಿಂಗ್ ಎ ಕಾರ್. ನಾಟ್ ಫೈಂಡಿಂಗ್ ಇಟ್ ಎ ಹಸ್ಬೆಂಡ್. ನನ್ನ ಮದುವೇಗೂ ನೀನು ಇಷ್ಟು ಕ್ವೆಶ್ಚನ್ಸ್ ಕೇಳ್ಲಿಲ್ಲ."

"ಆಗ ಕೇಳೋಕೆ ನಿಮ್ಮಪ್ಪ ಇದ್ರಲ್ಲೇ" ಅಂದೆ. ಅವಳು ಆ ಕಡೆ ಮೂಗೆಳೆದುಕೊಂಡು, "ಡ್ಯಾಡ್ ಏನೂ ಕೇಳ್ಲಿಲ್ಲಮ್ಮ. ಹಿ ಓನ್ಲಿ ಆಸ್ಕ್ಡ್ ಅವನು ಯಾವ ಕಾರ್ ಓಡಿಸ್ತಾನೆ ಅಂತ" ಅಂದಳು.

ಡಾಕ್ಟರ ಪ್ರತಿಜ್ಞೆ

ಕೊನೆಗೆ ಬೇಡ ಅನ್ನಲು ಯಾವ ನೆಪವೂ ಸಿಗದ ಒಬ್ಬಳು ಬಂದಳು. ಮೈಸೂರಿನ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ಬೂಟು ಕಳಚಿಟ್ಟು ಒಳಗೆ ಬಂದಳು, ಕಥೆ ಪೂರ್ತಿ ಕೇಳಿದಳು, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಳು. ಗುರುವಾರ ಶಿಫ್ಟ್ ಮುಗಿಸಿಕೊಂಡು ಬಂದು ಗಾಡಿ ತೆಗೆದುಕೊಂಡು ಹೋಗುತ್ತೇನೆ ಅಂದಳು.

ಗುರುವಾರ ಬೆಳಗಾಗುವಷ್ಟರಲ್ಲಿ ಗೇಣೆತ್ತರ ಹಿಮ, ಇನ್ನೂ ಸುರಿಯುತ್ತಲೇ ಇತ್ತು. ಬೆಳಿಗ್ಗೆಯೇ ಡಾಕ್ಟರು ಬಂದರು. ಹೆಂಡತಿಯನ್ನು ಕಣ್ಣಿನ ಪೊರೆಯ ಆಪರೇಶನ್ನಿಗೆ ಬಿಟ್ಟು, ಅದು ಮುಗಿಯುವುದರೊಳಗೆ ಗೆಳೆಯನ ಗಾಡಿಯನ್ನು ಕೊನೆಯದಾಗಿ ಬೈದು ಹೋಗಬೇಕು ಅಂತ ಬಂದದ್ದಂತೆ. ಬೈಯಲಿಲ್ಲ. ಡ್ರೈವ್‌ವೇನಲ್ಲಿ ನಿಂತು ಅದರ ಮೂತಿಯ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿದರು, ಅಷ್ಟೇ.

ವಾಪಸು ಹೊರಟಾಗ ಅವರ ಜರ್ಮನ್ ಕಾರು ನಮ್ಮ ಮನೆಯ ಮುಂದಿನ ರಸ್ತೆಯಂಚಿನಲ್ಲಿ ಹೂತುಕೊಂಡಿತು. ಹಿಂದಿನ ಚಕ್ರಗಳು ಗಿರ್ರನೆ ನಿಂತಲ್ಲೇ ತಿರುಗಿದವು. ಉಪ್ಪು ಹಾಕಿದೆವು, ಮರಳು ಹಾಕಿದೆವು, ನನ್ನ ಕಾಲೊರಸುಗಳನ್ನೆಲ್ಲ ಚಕ್ರದಡಿಗೆ ತುರುಕಿದೆವು. ಕಾಲೊರಸುಗಳು ಹಾರಿ ಪಕ್ಕದ ಮನೆಯ ಅಂಗಳಕ್ಕೆ ಹೋದವು, ಕಾರು ಹೋಗಲಿಲ್ಲ.

"ಕಾರಿನದ್ದೆಂತ ದೋಷ ಇಲ್ಲ, ರಸ್ತೆ ಸರಿ ಇಲ್ಲ" ಅಂದರು ಡಾಕ್ಟರು.

ಆಸ್ಪತ್ರೆಯಿಂದ ಫೋನ್ ಬಂತು, ಆಪರೇಶನ್ ಮುಗಿದಿದೆ, ಕರೆದುಕೊಂಡು ಹೋಗಿ ಅಂತ. ಟ್ಯಾಕ್ಸಿಯವರು ಈ ಹಿಮದಲ್ಲಿ ಬರುವುದು ತಡ ಅಂದರು. ನಾನು ಹಸಿರು ಗಾಡಿಯ ಕೀಲಿ ತಂದು ಡಾಕ್ಟರ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಇಲ್ಲ ಮಾರಾಯ್ತಿ. ಅವನಿಗೆ ಮಾತು ಕೊಟ್ಟಿದ್ದೇನೆ. ಇದ್ದವನಿಗೆ ಕೊಟ್ಟ ಮಾತಾದರೆ ಮುರಿಯಬಹುದಿತ್ತು, ಬಂದು ಜಗಳ ಆಡ್ತಿದ್ದ. ಈಗ ಮುರಿದರೆ ಯಾರು ಬೈಯುವುದು?"

"ಹಾಗಾದ್ರೆ ಯಾರು ಓಡಿಸೋದು ಡಾಕ್ಟ್ರೇ?"

ಅವರು ನನ್ನನ್ನೇ ನೋಡಿದರು. ಅಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಬ್ಬಾಕೆ ಕಾಯುತ್ತಿದ್ದಾಳೆ. ನಾನು ಹತ್ತಿ ಕೂತೆ. ರಿವರ್ಸ್ ಹಾಕಿದೆ. ಜಾರುತ್ತೆ, ಈಗ ಜಾರುತ್ತೆ ಅಂದುಕೊಂಡೆ. ಅದು ಜಾರಲಿಲ್ಲ. ಹಿಮವನ್ನು ಮೆಟ್ಟಿಕೊಂಡು ನಿಧಾನವಾಗಿ ರಸ್ತೆಗಿಳಿದು, ದಿಬ್ಬ ಹತ್ತಿತು. ಎರಡೂ ಕಡೆ ಯಾರುಯಾರದೋ ಕಾರುಗಳು ಅಡ್ಡಡ್ಡ ನಿಂತಿದ್ದವು. ಡಾಕ್ಟರು ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಇದರ ಎಂಜಿನ್ ಏನಪ್ಪಾ ಅಂದ್ರೆ ಡಾಕ್ಟ್ರೇ," ಅಂತ ಹೆದರಿಕೆ ಮರೆಯಲು ಬಾಯಿ ತೆಗೆದೆ.

"ಮಲಗಿ ಗುದ್ದಾಡ್ತದೆ. ಗೊತ್ತುಂಟು. ನೀನು ರಸ್ತೆ ನೋಡು."

ಅಷ್ಟರಲ್ಲಿ ಗಾಡಿಯ ಸ್ಪೀಕರಿನಲ್ಲಿ ನನ್ನ ಫೋನ್ ಮೊಳಗಿತು. ನರ್ಸು ಹುಡುಗಿ. "ಆಂಟಿ, ಶಿಫ್ಟ್ ಮುಗೀತು. ಬರ್ಲಾ?"

"ಬಾಮ್ಮ, ಸಾಯಂಕಾಲ ಊಟಕ್ಕೇ ಬಾ. ಆದ್ರೆ ಗಾಡಿ ಕೊಡೋಕಾಗಲ್ಲ ಕಣೆ, ಬೇಜಾರು ಮಾಡ್ಕೋಬೇಡ."

"ಯಾಕಾಂಟಿ, ಬೇರೆಯವರಿಗೆ ಕೊಟ್ರಾ?"

"ಇಲ್ಲ. ನಾನೇ ಓಡಿಸ್ತಿದೀನಿ."

ಅವಳು ಆ ಕಡೆ "ವಾವ್ ಆಂಟಿ!" ಅಂದದ್ದಷ್ಟೇ ಕೇಳಿತು. ಕೆಂಪು ದೀಪ ಬಂತು, ಬ್ರೇಕ್ ಹಾಕಿದೆ, ಗಾಡಿ ಗೆರೆಯ ಮೇಲೆ ಸುಮ್ಮನೆ ನಿಂತಿತು. ನನ್ನ ಕಣ್ಣು ತುಂಬಿ ದೀಪ ಎರಡೆರಡಾಗಿ ಕಾಣುತ್ತಿತ್ತು. ಡಾಕ್ಟರು ತಲೆಯ ಮೇಲಿನ ಹಿಡಿ ಬಿಟ್ಟರು. ಮಡಿಲಲ್ಲಿ ಕೈಯಿಟ್ಟುಕೊಂಡು ಮುಂದಿನ ಗಾಜಿನ ಕಡೆಗೆ ನೋಡುತ್ತಾ, ಯಾರಿಗೋ ಅನ್ನುವಂತೆ ಮೆಲ್ಲಗೆ ಹೇಳಿದರು. "ಆಯ್ತು ಮಾರಾಯ. ನೀನೇ ಗೆದ್ದೆ."

ಇಪ್ಪತ್ತು ವರ್ಷ ನಮ್ಮವರು ಕಾದ ಮಾತು ಅದು. ಅವರಿಲ್ಲದಾಗ ಬಂತು. ಅಳುತ್ತಲೇ ಅಂದೆ, "ಸ್ವಲ್ಪ ಜೋರಾಗಿ ಹೇಳಿ ಡಾಕ್ಟ್ರೇ. ಕೊನೆಕೊನೆಗೆ ಅವರಿಗೆ ಎಡಗಿವಿ ಕೇಳ್ತಿರಲಿಲ್ಲ."

ಡಾಕ್ಟರು ಕಿಟಕಿಯ ಗಾಜು ಪೂರ್ತಿ ಇಳಿಸಿ, ಸುರಿಯುವ ಹಿಮಕ್ಕೆ ತಲೆ ಹೊರಹಾಕಿ, ಗಂಟಲು ಹರಿಯುವಂತೆ ಕೂಗಿದರು. "ನೀನೇ ಗೆದ್ದೆ ಮಾರಾಯಾ! ನೀನೇ ಗೆದ್ದೆ!"

ಪಕ್ಕದ ಲೇನಿನಲ್ಲಿ ಹಿಮ ತೆಗೆಯುವ ದೊಡ್ಡ ಟ್ರಕ್ಕು ನಿಂತಿತ್ತು. ಯಾರೋ ಮುದುಕರು ತನಗೇ ಶಾಬಾಸ್ ಹೇಳುತ್ತಿದ್ದಾರೆ ಅಂದುಕೊಂಡಿರಬೇಕು, ಅದರ ಡ್ರೈವರು ಕೈ ಎತ್ತಿ ಭರ್ಜರಿಯಾಗಿ ಹಾರ್ನ್ ಹೊಡೆದ.

ಡಾಕ್ಟರು ಗಾಜು ಏರಿಸಿ, ಮೀಸೆಯ ಮೇಲಿನ ಹಿಮವನ್ನೂ ಕಣ್ಣನ್ನೂ ಒಟ್ಟಿಗೆ ಒರೆಸಿಕೊಂಡರು. "ಕೇಳಿತು ಕಾಣ್ತದೆ ಅವನಿಗೆ" ಅಂದರು. "ಈಗ ಸುಮ್ಮನಿರುವುದಿಲ್ಲ, ನೋಡು."