ದಪ್ಪ ರಸಾಯನ, ತೆಳು ರಸಾಯನ

ಅರ್ಥವಾಗದ ಪುಸ್ತಕದ ಮೇಲೆ ನಮಗಿರುವ ಗೌರವ ಅರ್ಥವಾದ ಪುಸ್ತಕದ ಮೇಲೆ ಇರುವುದಿಲ್ಲ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತೇನೆ. ಯುದ್ಧದ ದಿನಗಳಲ್ಲಿ ವಿಜಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ ಪ್ರಿನ್ಸಿಪಾಲರು ನನ್ನ ಮುಂದೆ ಎರಡು ಪುಸ್ತಕಗಳನ್ನಿಟ್ಟು, "ಸಾವಯವ ರಸಾಯನಕ್ಕ ಒಂದನ್ನ ಆರಿಸ್ರಿ" ಎಂದರು. ಸಾವಯವವೆಂದರೆ ನನಗೆ ಮೊದಲಿನಿಂದಲೂ ಎದೆನಡುಕ. ಪದವಿ ಪರೀಕ್ಷೆಯಲ್ಲಿ ಆ ಭಾಗವನ್ನು ದೇವರ ಮೇಲೆ ಭಾರ ಹಾಕಿ ದಾಟಿದವನು ನಾನು.

ಒಂದು ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಇನ್ನೊಂದು ತೆಳ್ಳಗೆ, ಸಕ್ಕರೆ, ಎಣ್ಣೆ, ಸಾಬೂನುಗಳಿಂದ ಶುರುವಾಗುತ್ತಿತ್ತು, ಓದಿದರೆ ತಿಳಿಯುತ್ತಿತ್ತು. ತಿಳಿಯುವ ಪುಸ್ತಕ ಹುಡುಗರ ಕೈ ಸೇರಿದರೆ ಮೇಷ್ಟ್ರು ಯಾಕೆ ಬೇಕು? ದಪ್ಪನೆಯದನ್ನೇ ಆರಿಸಿದೆ. ತೆಳ್ಳನೆಯದನ್ನು ಜೋರಾಪುರ ಪೇಟೆಯ ನಮ್ಮ ಮನೆಗೆ ತಂದು, ದಿನಾ ಬೆಳಿಗ್ಗೆ ಕದ್ದು ಓದಿ, ಅದನ್ನೇ ತರಗತಿಯಲ್ಲಿ ಗಂಭೀರವಾಗಿ ಒಪ್ಪಿಸುತ್ತಿದ್ದೆ.

ತಿಕೋಟಾದ ಬಸಪ್ಪ ಎಂಬ ವಿದ್ಯಾರ್ಥಿ ಒಂದು ದಿನ ಎದ್ದು ನಿಂತ. "ಸರ್, ನೀವು ಹೇಳೂದು ಛಲೋ ತಿಳೀತೈತ್ರಿ. ಆದ್ರ ಅದು ನಮ್ಮ ಪುಸ್ತಕದಾಗ ಎಲ್ಲೂ ಇಲ್ರಿ. ಎಲ್ಲಿಂದ ಹೇಳ್ತೀರಿ?"

"ಅನುಭವದಿಂದ" ಎಂದೆ.

ಆ ವಾರ ಸೋದರಮಾವನನ್ನು ನೋಡಲು ನಾನು ಬಬಲೇಶ್ವರಕ್ಕೆ ಹೋಗಿ ನಾಲ್ಕು ದಿನ ಉಳಿದಿದ್ದಾಗ ಬಸಪ್ಪ ಏನೋ ಸಂಶಯ ಕೇಳಲು ಮನೆಗೆ ಬಂದನಂತೆ. ನಾನು ತಿರುಗಿ ಬಂದ ಕೂಡಲೇ ಹೆಂಡತಿ ಶಾಂತವ್ವ ಹೆಮ್ಮೆಯಿಂದ ಹೇಳಿದಳು: "ನಿಮ್ಮ ಹುಡುಗ ಬಂದಿದ್ದ. 'ಅಕ್ಕಾರ, ಸರ್ ಯಾವ ಪುಸ್ತಕಾ ಓದ್ತಾರ್ರಿ?' ಅಂತ ಕೇಳಿದ. ನೀವು ದಿನಾ ಬಾಯಿಪಾಠ ಮಾಡ್ತೀರಲ್ಲ, ಅದನ್ನ ಕೊಟ್ಟು ಕಳಿಸೇನಿ. ಪಾಪ, ಎರಡು ದಿನದಾಗ ತಂದು ಕೊಟ್ಟ."

"ಕೊಟ್ಟ್ಯಾ? ಏನ್ ಮಾಡಿದಿ ಬೇ!"

"ಯಾಕ್ರಿ? ವಿದ್ಯಾ ಕೊಟ್ರ ಸವೀತದೇನು?"

ವಿದ್ಯೆ ಸವೆಯುವುದಿಲ್ಲ, ಸರಿ. ಮೇಷ್ಟ್ರ ಮಾನ? ಮರುದಿನ ಅಳುಕುತ್ತಲೇ ತರಗತಿಗೆ ಹೋದೆ. ಆರು ಜನ ಪುಟಗಳನ್ನು ಹಂಚಿಕೊಂಡು ಇಡೀ ಪುಸ್ತಕವನ್ನು ನಕಲು ಮಾಡಿದ್ದರು. ಬಸಪ್ಪನ ನೋಟುಬುಕ್ಕು ತೆರೆದು ನೋಡಿದರೆ, ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಗೀಚಿದ್ದನ್ನೂ ಒಂದಕ್ಷರ ಬಿಡದೆ ಇಳಿಸಿಕೊಂಡಿದ್ದ. ಬೆಂಜೀನಿನ ಪುಟದಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ ಹೀಗಿತ್ತು: "ಇದು ನನಗೆ ತಿಳಿಯಲಿಲ್ಲ. ಬೇಗ ದಾಟಬೇಕು. ಹುಡುಗರು ಕೇಳದಿದ್ದರೆ ಸಾಕು."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಬಸಪ್ಪ ಮೆಲ್ಲಗೆ ಹೇಳಿದ: "ಸರ್, ನಿಮಗ ತಿಳೀಲಿಲ್ಲ ಅಂದಮ್ಯಾಲೆ ಅದು ಪರೀಕ್ಷಾಕ್ಕ ಬಂದ ಬರತೈತಿ ಅಂತ ಎಲ್ಲಾರೂ ಕುಂತು ಅದನ್ನ ಬಿಡಿಸೇವ್ರಿ. ಇಂಗಾಲಕ್ಕ ನಾಲ್ಕು ಕೈ. ಬೆಂಜೀನಿನಾಗ ಅಂಥಾ ಆರು ಮಂದಿ ಸುತ್ತ ಕುಂತಾರ. ಈ ಮಗ್ಗಲದಾಂವಗ ಒಂದ್ ಕೈ, ಆ ಮಗ್ಗಲದಾಂವಗ ಎರಡು, ಉಳಿದ ಒಂದು ಕೈಯಾಗ ಜಲಜನಕ. ಹೌದಲ್ರಿ?"

ನಾನು ಮನಸ್ಸಿನಲ್ಲೇ ಕೈಗಳನ್ನು ಎಣಿಸಿದೆ. ಎಲ್ಲವೂ ಸರಿಯಾಗಿ ಕೂತವು.

ಅಂದೇ ಪ್ರಿನ್ಸಿಪಾಲರ ಬಳಿ ಹೋಗಿ ಪುಸ್ತಕ ಬದಲಿಸಿಕೊಂಡು ಬಂದೆ. ಪರೀಕ್ಷೆಗೆ ಬೆಂಜೀನೇ ಬಂತು. ಆರೂ ಜನ ಪಾಸಾದರು. "ಎಷ್ಟು ತಿಳಿಹೇಳಿ ಕಲಿಸೀರಿ!" ಎಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಕಲಿತವನು ನಾನು ಎಂದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಹೊರಗೆ ಬಂದ ಮಾತು ಬೇರೆ: "ಎಲ್ಲಾ ನಿಮ್ಮ ಆಶೀರ್ವಾದರಿ."