ದಯವಿಟ್ಟು ಪಾದದ ಫೋಟೋ ಕಳುಹಿಸಿ

ಮನುಷ್ಯರ ಮುಖ ನನಗೆ ನೆನಪಿರುವುದಿಲ್ಲ. ಇದು ಜಂಬವಲ್ಲ, ಉದ್ಯೋಗದ ಪರಿಣಾಮ. ಚಪ್ಪಲಿ ಅಂಗಡಿಯೊಂದರಲ್ಲಿ ಕುಳ್ಳ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ, ಊರಿನವರ ಕಾಲಿಗೆಲ್ಲ ಚಪ್ಪಲಿ ತೊಡಿಸುತ್ತ ನನ್ನ ತಲೆ ನರೆಯಿತು. ಬೀದಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ಅವರ ಪಾದ ನೋಡುತ್ತೇನೆ, ಆಮೇಲೆ "ಓಹೋ, ನೀವಾ!" ಅನ್ನುತ್ತೇನೆ. (ಇದನ್ನು ವಿನಯವೆಂದು ತಿಳಿದು ನನ್ನನ್ನು ಹೊಗಳಿದವರೂ ಇದ್ದಾರೆ.)

ಇನ್ನು ಸಂಬಳ. ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದು ಜೊತೆ ಬೂಟು ಇತ್ತು, ನನ್ನ ತಿಂಗಳ ಸಂಬಳಕ್ಕೆ ಅದರ ಬಲಗಾಲಿನದು ಬರುತ್ತಿತ್ತು. ಎಡಗಾಲಿನದಕ್ಕೆ ಮುಂದಿನ ತಿಂಗಳವರೆಗೆ ಕಾಯಬೇಕು.

ಸಂಬಳ ಕಡಿಮೆಯಾದರೆ ಸಹಿಸಬಹುದು, ಅವಮಾನ ಸಹಿಸುವುದು ಕಷ್ಟ. ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿದೆ. ತೊಡಿಸಿದೆ, ಬಿಚ್ಚಿದೆ, ಮತ್ತೆ ತೊಡಿಸಿದೆ. ಆಕೆ ಕನ್ನಡಿಯ ಮುಂದೆ ಹೋಗಿ ಬಂದು, ಕೊನೆಗೂ ಒಂದು ಜೊತೆಯಲ್ಲಿ ಹೂವಿನ ಮೇಲೆ ಚಿಟ್ಟೆ ಕೂತಂತೆ ನಿಂತಳು. ನಾನು ಬಿಲ್ ಬರೆಯಲು ಎದ್ದೆ. ಆಕೆ ಫೋನ್ ತೆಗೆದು ಚಪ್ಪಲಿಯ ಅಡಿಯಲ್ಲಿದ್ದ ನಂಬರಿನ ಚಿತ್ರ ಹಿಡಿದು, ಅಲ್ಲೇ, ನನ್ನ ಕಣ್ಣೆದುರಿಗೇ, ಬೇರೆ ಯಾರ ಬಳಿಯೋ ಅದನ್ನೇ ಆರ್ಡರ್ ಮಾಡಿದಳು.

"ಆನ್‌ಲೈನಲ್ಲಿ ಕಡಿಮೆ ಅಣ್ಣ. ಸೈಜ್ ಗೊತ್ತಾಯ್ತಲ್ಲ, ಥ್ಯಾಂಕ್ಸ್," ಎಂದು ನಕ್ಕು ಹೋದಳು.

ಪಾದ ನನ್ನ ಅಂಗೈಯಲ್ಲಿ, ವ್ಯಾಪಾರ ಅವಳ ಅಂಗೈಯಲ್ಲಿ! ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ನಾನಿರಬೇಕಾದದ್ದು ಸ್ಟೂಲಿನ ಮೇಲಲ್ಲ, ಆ ಫೋನಿನ ಒಳಗೆ.

ಅಂದು ಸಂಜೆ ಮನೆಗೆ ಹೋದಾಗ ನನ್ನ ಹೆಂಡತಿ ಬಕೆಟ್ಟಿನ ಮುಂದೆ ಕೂತು ತನ್ನ ಮೇಲಂಗಿಗೆ ಮೆತ್ತಿದ ಬಣ್ಣ ಉಜ್ಜುತ್ತಿದ್ದಳು. ಅವಳು ಶಿಶುವಿಹಾರದಲ್ಲಿ ಆಯಾ. ದಿನವಿಡೀ ಅಳುವ ಮಕ್ಕಳನ್ನು ನಗಿಸಿ, ನಗುವ ಮಕ್ಕಳನ್ನು ಮಲಗಿಸಿ ಬರುತ್ತಾಳೆ.

"ಕೆಲಸ ಬಿಡ್ತೀನಿ ಕಣೇ," ಎಂದೆ.

"ಬಿಟ್ಟು?"

"ಆನ್‌ಲೈನ್ ಚಪ್ಪಲಿ ಅಂಗಡಿ. ನಾನೇ ಮಾಲೀಕ!"

"ಕೆಲಸದವರು ಯಾರು?"

"ಅದೂ ನಾನೇ."

"ಮತ್ತೆ ನಿಮ್ಮನ್ನ ಬೈಯೋರು?"

"ಅದೇ ವಿಶೇಷ. ಬೈಯೋರು ಯಾರೂ ಇರಲ್ಲ."

"ಅದೊಂದು ಕೆಲಸ ನಾನು ನೋಡ್ಕೋತೀನಿ ಬಿಡಿ," ಎಂದು ಬಟ್ಟೆ ಹಿಂಡಿದಳು. ನನ್ನನ್ನೇ ಹಿಂಡಿದಂತಾಯಿತು. ಆಮೇಲೆ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತಳು. "ನೋಡಿ, ಬೇಸಿಗೆ ರಜೆ ಬಂತು ಅಂದ್ರೆ ನನಗೆ ಸಂಬಳ ಇಲ್ಲ. ನಿಮಗೇ ಗೊತ್ತು. ರಜೆ ಶುರುವಾಗೋದ್ರೊಳಗೆ ನಿಮ್ಮ ಅಂಗಡಿಯಿಂದ ಮನೆ ನಡೀಬೇಕು. ಇಲ್ಲಾಂದ್ರೆ ಹೋಗಿ ಮಾಲೀಕರ ಕಾಲು ಹಿಡೀರಿ. ಕಾಲು ಹಿಡಿಯೋದು ನಿಮಗೇನೂ ಹೊಸದಲ್ಲವಲ್ಲ."

ರಾಜೀನಾಮೆಗೆಂದು ನಾನೊಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಶ್ರಮ, ಸ್ವಾಭಿಮಾನ, ನಾಳಿನ ಬೆಳಗು, ಎಲ್ಲ ಅದರಲ್ಲಿದ್ದವು. ಮಾಲೀಕರು ಮೊದಲನೆಯ ವಾಕ್ಯ ಕೇಳಿ, "ಸರಿ ಬಿಡಪ್ಪ. ಹೋಗುವಾಗ ಬಾಗಿಲು ಎಳ್ಕೊಂಡು ಹೋಗು, ಧೂಳು ಬರುತ್ತೆ," ಎಂದರು. ಉಳಿದ ಭಾಷಣವನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದೆ. ಅವರು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟರು.

ಕೂಡಿಟ್ಟದ್ದನ್ನೆಲ್ಲ ಸುರಿದು ಮಾಲು ತರಿಸಿದೆ. ನಮ್ಮ ಎರಡು ಕೋಣೆಯ ಮನೆಗೆ ಡಬ್ಬಗಳ ಮಹಾಪೂರ ನುಗ್ಗಿತು. ಮಂಚದ ಕೆಳಗೆ ಸ್ಯಾಂಡಲ್ಲು, ಬೀರುವಿನ ಮೇಲೆ ಬೂಟು, ಬಚ್ಚಲಮನೆಯ ಅಟ್ಟದಲ್ಲಿ ಹವಾಯಿ. ಸಕ್ಕರೆ ಡಬ್ಬಕ್ಕೆ ಕೈ ಹಾಕಿದರೆ ಹೈಹೀಲ್ಡು ಸಿಗುತ್ತಿತ್ತು. ಮನೆಯೆಲ್ಲ ಹೊಸ ರಬ್ಬರಿನ ವಾಸನೆ. ನಾವಿಬ್ಬರೂ ಡಬ್ಬಗಳ ನಡುವೆ ಅಡ್ಡಡ್ಡ ನಡೆಯುವುದನ್ನು ಕಲಿತೆವು.

ಚಪ್ಪಲಿಗಳ ಚಿತ್ರ ಹಾಕಬೇಕಲ್ಲ, ಅದಕ್ಕೆ ಕಾಲು ಬೇಕು. ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ, ಎದುರು ನೆಲದ ಮೇಲೆ ಕೂತು ಅವಳ ಪಾದವನ್ನು ಕೈಗೆ ತೆಗೆದುಕೊಂಡೆ. ದಿನವಿಡೀ ಮಕ್ಕಳ ಹಿಂದೆ ಓಡಿ ಬಂದ ಪಾದ, ಇನ್ನೂ ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಯಾವುದೋ ಮಗು ಚೆಲ್ಲಿದ ನೀಲಿ ಬಣ್ಣದ ಒಂದು ಚುಕ್ಕೆ. ಅದನ್ನು ಒರೆಸಿದೆ. ಫೋಟೋಗೆ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಹಿಡಿದುಕೊಂಡಿದ್ದೆನೆಂದು ಕಾಣುತ್ತದೆ.

"ಫೋಟೋ ತೆಗೀರಿ. ಆ ಕಾಲು ಎಲ್ಲಿಗೂ ಓಡಿಹೋಗಲ್ಲ," ಎಂದಳು. ಅವಳ ದನಿ ಮೆತ್ತಗಿತ್ತು. ನನಗೆ ಧೈರ್ಯ ಬಂತು.

ಆ ಧೈರ್ಯ ಬಹಳ ದಿನ ಬಾಳಲಿಲ್ಲ. ಅಂಗಡಿ ತೆರೆದ ಮೇಲೆ ನಾನು ಫೋನನ್ನು ನೋಡುತ್ತ ಕೂತೆ, ಫೋನು ನನ್ನನ್ನು ನೋಡುತ್ತ ಕೂತಿತು. ಅದು ಕೆಟ್ಟಿದೆಯೇನೋ ಎಂದು ಹೆಂಡತಿಯ ಫೋನಿನಿಂದ ನನಗೇ ಕರೆ ಮಾಡಿದೆ. ಸರಿಯಾಗಿಯೇ ಬಡಿದುಕೊಂಡಿತು. ಊಟ ಸೇರಲಿಲ್ಲ.

ಕೊನೆಗೂ ಆರ್ಡರುಗಳು ಬಂದವು. ಕುಣಿದಾಡಿದೆ. (ಅಡ್ಡಡ್ಡವಾಗಿ. ಮನೆಯಲ್ಲಿ ಅಷ್ಟೇ ಜಾಗವಿತ್ತು.) ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಒಂದೊಂದು ಜೊತೆಯನ್ನೂ ಕಾಗದದಲ್ಲಿ ಸುತ್ತಿ, ಸವರಿ, ಕಳಿಸಿಕೊಟ್ಟೆ.

ಒಂದು ವಾರವೂ ಕಳೆದಿರಲಿಲ್ಲ, ಕೊರಿಯರಿನವನು ಬಾಗಿಲಲ್ಲಿ ನಿಂತು, "ಸಾರ್, ನಿಮ್ಮವರೆಲ್ಲ ವಾಪಸ್ ಬಂದಿದಾರೆ," ಎಂದ.

ಬಿಗಿ ಎಂದು ಒಂದು, ಸಡಿಲ ಎಂದು ಇನ್ನೊಂದು, ಕಚ್ಚುತ್ತದೆ ಎಂದು ಮತ್ತೊಂದು. ಹೋದವೆಲ್ಲ ತವರಿಗೆ ಮರಳಿದ್ದವು. ಹೋಗಿಬರುವ ಕೊರಿಯರ್ ಖರ್ಚೂ ನನ್ನದೇ.

ಡಬ್ಬಗಳ ನಡುವೆ ಕೂತು ಯೋಚಿಸಿದೆ. ತಪ್ಪು ಹೊಳೆಯಿತು. ಅಂಗಡಿಯಲ್ಲಿ ನಾನು ಎಂದೂ ನಂಬರನ್ನು ನಂಬಿದವನೇ ಅಲ್ಲ! ಗಿರಾಕಿ "ಏಳು" ಅಂದರೂ ಪಾದವನ್ನು ಅಂಗೈಯಲ್ಲಿಟ್ಟು ನೋಡಿ ಎಂಟು ತರುತ್ತಿದ್ದೆ. ಪಾದದಲ್ಲಿ ಅಗಲವಿದೆ, ಉಬ್ಬಿದೆ, ಗಂಟಿದೆ, ಹೆಬ್ಬೆರಳಿನ ಪಕ್ಕದ ಬೆರಳಿಗೆ ಮುಂದೆ ಹೋಗುವ ಆತುರವಿದೆ. ಇದನ್ನೆಲ್ಲ ಒಂದು ಅಂಕಿ ಹೇಗೆ ಹೇಳೀತು? ಪಾದ ನೋಡದೆ ಚಪ್ಪಲಿ ಮಾರುವುದು ನಾಡಿ ಹಿಡಿಯದೆ ಮದ್ದು ಕೊಟ್ಟಂತೆ. ಇನ್ನು ಮುಂದೆ ಹಾಗೆ ಮಾಡಕೂಡದು.

ಅಂದಿನಿಂದ ಆರ್ಡರ್ ಬಂದ ಕೂಡಲೇ ನಾನು ಬರೆಯತೊಡಗಿದೆ: "ನಮಸ್ಕಾರ. ದಯವಿಟ್ಟು ತಮ್ಮ ಪಾದದ ಫೋಟೋ ಕಳುಹಿಸಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು. ಸಂಕೋಚ ಬೇಡ."

(ಈ ಕೊನೆಯ ಎರಡು ಪದಗಳನ್ನು ಬರೆಯಬಾರದಿತ್ತೆಂದು ಹೆಂಡತಿ ಈಗಲೂ ಹೇಳುತ್ತಾಳೆ.)

ಕೆಲವರು ಉತ್ತರಿಸಲಿಲ್ಲ. ಒಬ್ಬಾಕೆ, "ನಮ್ಮ ಯಜಮಾನರ ಹತ್ರ ಮಾತಾಡಿ," ಎಂದು ಬರೆದಳು. ನಾನು ತಡಮಾಡದೆ, "ಅವರ ಪಾದದ್ದೂ ಕಳುಹಿಸಬಹುದು," ಎಂದೆ. ಆಮೇಲೆ ಯಜಮಾನರೇ ಕರೆ ಮಾಡಿದರು. ಅವರು ಆಡಿದ ಮಾತು ಇಲ್ಲಿ ಬೇಡ.

ಆದರೆ ಒಳ್ಳೆಯವರೂ ಇದ್ದರು. ಕಳುಹಿಸಿದರು. ಕಳುಹಿಸಿದವರಿಗೆ ನಾನು ಕೊಟ್ಟದ್ದು ಒಂದೂ ವಾಪಸ್ ಬರಲಿಲ್ಲ. ಅಷ್ಟೇ ಏಕೆ, ಒಬ್ಬ ಹಿರಿಯರಿಗೆ, "ನಿಮ್ಮ ಹಿಮ್ಮಡಿಗೆ ನನ್ನ ಬಳಿ ಇರುವುದು ಯಾವುದೂ ಆಗದು, ಸುಮ್ಮನೆ ಕೊಳ್ಳಬೇಡಿ," ಎಂದು ಪ್ರಾಮಾಣಿಕವಾಗಿ ತಿಳಿಸಿ ಅವರ ಆಶೀರ್ವಾದ ಪಡೆದೆ. (ಆ ದಿನದ ಗಳಿಕೆ ಆ ಆಶೀರ್ವಾದ ಮಾತ್ರ.)

ಒಂದು ಬೆಳಿಗ್ಗೆ ಹೆಂಡತಿ ನನ್ನ ಫೋನ್ ಹಿಡಿದು ನಿಂತಿದ್ದಳು. ಅವಳು ಗಂಟೆ ನೋಡಲು ತೆಗೆದುಕೊಂಡಿದ್ದಳಂತೆ. ಕಂಡದ್ದು ಬೇರೆ.

"ರೀ, ಇದು ಯಾರ ಕಾಲು?"

"ಆರನೇ ನಂಬರು. ಅಗಲ ಪಾದ."

"ಹೆಸರಿಲ್ವಾ?"

"ಹೆಸರು ಕೇಳೋದು ಸಭ್ಯತೆಯಲ್ಲ ಕಣೇ."

"ಓಹೋ! ಹೆಸರು ಕೇಳಬಾರದು, ಕಾಲು ತೋರಿಸು ಅನ್ನಬಹುದು! ಇದು? ಉಗುರಿಗೆ ಕೆಂಪು ಬಣ್ಣ ಹಚ್ಚಿರೋದು?"

"ಅದಾ, ಪಾಪ, ಅವರಿಗೆ ಚಪ್ಪಟೆ ಪಾದ."

"ಪಾಪ ಬೇರೆ! ನನ್ನ ಫೋಟೋ ಎಲ್ರೀ ಇದರಲ್ಲಿ?"

"ಇದೆಯಲ್ಲ, ನೋಡು," ಎಂದು ಕಿಟಕಿಯ ಬಳಿ ತೆಗೆದದ್ದನ್ನು ತೋರಿಸಿದೆ.

"ಕತ್ತಿನ ಮೇಲಿಂದು ಕೇಳಿದ್ದು ನಾನು!"

ಇರಲಿಲ್ಲ. ಆ ವಿಷಯ ಅಲ್ಲಿಗೆ ಬಿಡೋಣ.

ಅಂದಿನಿಂದ ಸಂಜೆ ಕೆಲಸದಿಂದ ಬಂದು ಗಿರಾಕಿಗಳ ಕರೆಗಳನ್ನೆಲ್ಲ ಅವಳೇ ತೆಗೆದುಕೊಳ್ಳತೊಡಗಿದಳು. ನನ್ನ ಮೇಲಿನ ನಂಬಿಕೆಯಿಂದ ಅಂತೂ ಅಲ್ಲ. ನಾನಾಗಿದ್ದರೆ ಬೈಗುಳ ಕೇಳಿದ ಕೂಡಲೇ ಕೈಕಾಲು ಆಡದೆ ಹಣ ಹಿಂದಿರುಗಿಸುತ್ತಿದ್ದೆ. ಅವಳದು ಶಿಶುವಿಹಾರದ ಪದ್ಧತಿ.

"ಕೂಗಬಾರದು. ಕೂಗಿದ್ರೆ ನನಗೆ ಕೇಳ್ಸಲ್ಲ. ಮೊದಲು ನೀರು ಕುಡೀರಿ. ಕುಡಿದ್ರಾ? ಹಾಂ. ಈಗ ಹೇಳಿ, ಯಾವ ಕಾಲು ನೋಯುತ್ತೆ?"

ಆ ಕಡೆ ಸಿಂಹದಂತೆ ಘರ್ಜಿಸುತ್ತಿದ್ದ ಗಂಡಸು, "ಎಡ... ಎಡಗಾಲು," ಎನ್ನುವುದು ನನಗೂ ಕೇಳಿಸುತ್ತಿತ್ತು.

"ಎರಡನ್ನೂ ಬಿಚ್ಚಿ, ಅದಲು ಬದಲು ಮಾಡಿ ಹಾಕ್ಕೊಳಿ. ಹಾಕ್ಕೊಂಡ್ರಾ? ಈಗ?"

ಆ ಕಡೆ ಚಪ್ಪಲಿ ಚಟಪಟ ಅಂದಿತು. "ಈಗ ಸರಿಯಾಯ್ತು ಮೇಡಂ. ಸಾರಿ."

"ಜಾಣ," ಎಂದು ಫೋನ್ ಇಡುತ್ತಿದ್ದಳು.

ಬೇಸಿಗೆ ರಜೆ ಹತ್ತಿರ ಬರುತ್ತಿತ್ತು. ವ್ಯಾಪಾರ ಎದ್ದು ನಿಂತಿರಲಿಲ್ಲ, ಆದರೆ ಅಂಬೆಗಾಲಿಡುತ್ತಿತ್ತು. ಇನ್ನೇನು, ಗೋಡೆ ಹಿಡಿದು ಏಳಬಹುದು ಎಂದು ನಾನು ತುದಿಗಾಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಬಂತು ಸಂದೇಶ. ನಾನು ಬಾಡಿಗೆಗೆ ಮಳಿಗೆ ಹಿಡಿದಿದ್ದ ಆನ್‌ಲೈನ್ ಮಾರುಕಟ್ಟೆಯಿಂದ.

"ಗ್ರಾಹಕರ ಬಳಿ ಅನುಚಿತ ಚಿತ್ರಗಳನ್ನು ಕೇಳಿದ ದೂರಿನ ಮೇರೆಗೆ ನಿಮ್ಮ ಮಳಿಗೆಯನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ. ನಿಮ್ಮ ಗುರುತನ್ನು ಖಚಿತಪಡಿಸಲು ನಿಮ್ಮದೇ ಒಂದು ಸ್ಪಷ್ಟ ಭಾವಚಿತ್ರವನ್ನು ಕೂಡಲೇ ಕಳುಹಿಸಿ. ಒಂದೇ ಅವಕಾಶ."

ನಾನು ಬೆವೆತುಹೋದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವಳು ಬರುವುದರೊಳಗೆ ಎಲ್ಲ ಸರಿಮಾಡಿಬಿಡಬೇಕು. ಕನ್ನಡಿಯ ಮುಂದೆ ನಿಂತು ಮುಖದ ಫೋಟೋ ತೆಗೆದೆ. ಕಳುಹಿಸಲು ಫೋನಿನ ಚಿತ್ರಗಳನ್ನು ತೆರೆದೆ. ಸಾಲುಸಾಲು ಪಾದಗಳು. ಅವುಗಳ ನಡುವೆ ನನ್ನ ಮುಖ ಒಂದು ಹಿಮ್ಮಡಿಯಂತೆಯೇ ಕಾಣುತ್ತಿತ್ತು. ಬೆರಳು ಒತ್ತಿತು. ಚಿತ್ರ ಹೋಯಿತು.

ಹೋದ ಮೇಲೆ ನೋಡಿದೆ. ಅದು ಆರನೇ ನಂಬರು, ಅಗಲ ಪಾದ.

ಉತ್ತರ ಬರಲು ತಡವಾಗಲಿಲ್ಲ. ಮಳಿಗೆಯನ್ನು ಶಾಶ್ವತವಾಗಿ ಮುಚ್ಚಲಾಗಿತ್ತು.

ಸಂಜೆ ಹೆಂಡತಿ ಬಂದಳು. ಮರುದಿನದಿಂದ ರಜೆ. ಕೈಯಲ್ಲಿ ಮಕ್ಕಳು ಬರೆದುಕೊಟ್ಟ ಚಿತ್ರಗಳು, ಮುಖದಲ್ಲಿ ಆಯಾಸ. ನಾನು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಡಬ್ಬದ ಮೇಲೆ ಕೂತು, ಮಕ್ಕಳ ಚಿತ್ರಗಳನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯನ್ನೇ ನೋಡುತ್ತಿದ್ದಳು. "ಏನಾದ್ರೂ ಮಾಡೋಣ," ಎಂದಳು ಕೊನೆಗೆ. ಬೆಳಿಗ್ಗೆಯೇ ಹೋಗಿ ಮಾಲೀಕರ ಮುಂದೆ ನಿಲ್ಲುತ್ತೇನೆಂದು ನಿಶ್ಚಯ ಮಾಡಿಕೊಂಡೆ.

ಆಗ ಹೊರಗೊಂದು ಕಾರು ನಿಂತಿತು, ಬಾಗಿಲು ಬಡಿದ ಸದ್ದಾಯಿತು. ತೆರೆದೆ. ಎದುರಿಗೆ ಎರಡು ಪಾದ. ಉಬ್ಬಿದ ಹೆಬ್ಬೆರಳ ಗಂಟು, ಹೊರಕ್ಕೆ ವಾಲಿದ ಹಿಮ್ಮಡಿ. ತಲೆಯೆತ್ತುವ ಮೊದಲೇ ಗೊತ್ತಾಯಿತು. ಮಾಲೀಕರು!

ಅಡ್ಡಡ್ಡವಾಗಿ ಒಳಗೆ ಬಂದು ಡಬ್ಬಗಳ ರಾಶಿಯ ಮೇಲೆ ಕೂತರು. ನನ್ನೊಳಗೆ ಅರಳಿದ ಆಸೆಯನ್ನು ನಾನು ಗಾಂಭೀರ್ಯದಿಂದ ಮುಚ್ಚಿಕೊಂಡೆ.

"ನೀನು ಹೋದ ಮೇಲೆ ಅಂಗಡಿ ಮೊದಲಿನ ಹಾಗಿಲ್ಲಪ್ಪ," ಎಂದರು.

"ಹೌದಾ?" ಎಂದೆ, ಉಗುರು ನೋಡಿಕೊಳ್ಳುತ್ತ.

"ಬಂದವರೆಲ್ಲ ಹಾಕ್ಕೊಂಡು ನೋಡಿ ಫೋನಲ್ಲಿ ತರಿಸ್ಕೋತಾರೆ. ನಾನೂ ಆನ್‌ಲೈನ್ ಶುರು ಮಾಡ್ತಿದೀನಿ. ಅದನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕು. ಸಂಬಳ ಚೆನ್ನಾಗಿ ಕೊಡ್ತೀನಿ. ಅದಕ್ಕೇ ನೇರವಾಗಿ ಇಲ್ಲಿಗೇ ಬಂದೆ."

ಹೆಂಡತಿ ನನ್ನತ್ತ ನೋಡಿದಳು. ಒಪ್ಪಿಕೊಳ್ಳಿ ಎಂಬ ನೋಟ. ಆದರೆ ಒಂದೇ ಸಲಕ್ಕೆ ಒಪ್ಪಿದರೆ ಬೆಲೆಯಿರುತ್ತದೆಯೆ? ಗಂಟಲು ಸರಿಮಾಡಿಕೊಂಡೆ.

"ನೋಡಿ ಸಾರ್, ಈಗ ನಾನೂ ಒಬ್ಬ ಮಾಲೀಕ. ಆದ್ರೂ ನೀವು ಇಷ್ಟು ಕೇಳ್ಕೊಳ್ಳುವಾಗ..."

"ನಿನ್ನನ್ನಲ್ಲಪ್ಪ," ಎಂದರು ಮಾಲೀಕರು. "ಈ ಅಮ್ಮನ್ನ."

ನಾನು ಉಗುರು ನೋಡಿಕೊಳ್ಳುವುದನ್ನು ನಿಲ್ಲಿಸಿದೆ. ಅವರು ಹೆಂಡತಿಯ ಕಡೆ ತಿರುಗಿದರು.

"ಇವನು ಹೇಗೆ ನಡೆಸ್ತಾನೆ ನೋಡೋಣ ಅಂತ ಗಿರಾಕಿ ಥರ ಫೋನ್ ಮಾಡಿದ್ದೆ ಅಮ್ಮ. ಚೆನ್ನಾಗಿ ಬೈಯೋಣ ಅಂತಾನೇ ಮಾಡಿದ್ದು. ನೀವು ನನಗೆ ನೀರು ಕುಡಿಸಿದ್ರಿ. ಕೊನೆಗೆ ನಾನೇ ಸಾರಿ ಕೇಳಿ, ನನಗೆ ಬೇಡದೇ ಇರೋ ಒಂದು ಜೊತೆ ಆರ್ಡರ್ ಮಾಡಿ ಫೋನ್ ಇಟ್ಟೆ. ನಾನು! ಇಷ್ಟು ವರ್ಷ ಚಪ್ಪಲಿ ಮಾರಿದೋನು!"

ಹೆಂಡತಿ ಮಕ್ಕಳ ಚಿತ್ರಗಳನ್ನು ಪಕ್ಕಕ್ಕಿಟ್ಟಳು. ಬೆನ್ನು ನೇರವಾಯಿತು.

"ರಜೆ ದಿನಗಳಿಗೂ ಸಂಬಳ ಇರುತ್ತಾ?"

"ಖಂಡಿತ."

"ಈ ಡಬ್ಬಗಳನ್ನೆಲ್ಲ ನೀವೇ ಕೊಂಡ್ಕೋಬೇಕು."

ಮಾಲೀಕರು ತಾವು ಕೂತಿದ್ದ ರಾಶಿಯನ್ನೂ ಸುತ್ತಲಿನ ರಾಶಿಗಳನ್ನೂ ನೋಡಿ ನಿಟ್ಟುಸಿರಿಟ್ಟರು. "ಆಯ್ತಮ್ಮ."

"ನನ್ನ ಕೈಕೆಳಗೆ ಒಬ್ಬರು ಬೇಕಾಗ್ತಾರೆ. ಬಂದ ಮಾಲನ್ನ ನೋಡಿ, ಇದು ಬಿಗಿ, ಇದು ಸಡಿಲ ಅಂತ ಮೊದಲೇ ಹೇಳೋಕೆ. ಗಿರಾಕಿಗಳ ಹತ್ರ ಮಾತ್ರ ಮಾತಾಡ್ಕೂಡದು."

"ಯಾರಾದ್ರೂ ಇದಾರಾ ನಿಮಗೆ ಗೊತ್ತಿರೋರು?"

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. "ಒಬ್ಬರಿದ್ದಾರೆ. ಕೆಲಸ ಗೊತ್ತು. ಹಿಂದಿನ ಕಡೆ ಯಾಕೆ ಬಿಟ್ರು ಅಂತ ಸ್ವಲ್ಪ ವಿಚಾರಿಸ್ಬೇಕು."

"ನನ್ನ ಹತ್ರಾನೇ ಇದ್ದ," ಎಂದರು ಮಾಲೀಕರು, ನಾನು ಆ ಕೋಣೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ. "ಒಳ್ಳೆಯವನು. ಸಂಬಳ ಮಾತ್ರ ಜಾಸ್ತಿ ಮಾಡಿ ಅಂತಿರ್ತಾನೆ."

"ಅದನ್ನ ನಾನು ನೋಡ್ಕೋತೀನಿ ಸಾರ್," ಎಂದಳು ನನ್ನ ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿದಳು. "ಏನ್ರೀ ನಿಂತೇ ಇದೀರಾ? ಸಾರ್ ಕಾರು ತಂದಿದಾರಲ್ಲ, ಆ ಡಬ್ಬಗಳನ್ನ ಒಂದೊಂದಾಗಿ ಅದಕ್ಕೆ ತುಂಬೋಕೆ ಶುರು ಮಾಡಿ."

ನಾನು ಬಗ್ಗಿ ಮೊದಲ ಡಬ್ಬ ಎತ್ತಿದೆ. ಸಂಬಳ ಇವತ್ತಿನಿಂದಲೇ ಲೆಕ್ಕವೋ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿದೆ. ಕೇಳಲಿಲ್ಲ.