ಮುದ್ರೆಯಿಲ್ಲದ ಎರಡು ಕೈಗಳ ಬಳಕೆಗೆ ಅನುಮತಿ ಕೋರಿ

ಇಂದ:
ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್,
ಉರುಫ್ ಮೂರನೇ ನಂಬರ್ ಹಾಸಿಗೆಯವರ ಗಂಡ.

ಗೆ:
ಹೆಡ್ ನರ್ಸ್ ಅವರು,
ಕ್ಯಾನ್ಸರ್ ವಾರ್ಡು, ಎರಡನೇ ಮಹಡಿ.

ವಿಷಯ: ಸಂಜೆ ಐದರಿಂದ ಐದೂವರೆಯವರೆಗೆ ನನ್ನ ಹೆಂಡತಿಯ ಮೇಲೆ ಕೈ ಇಡಲು ಅನುಮತಿ ಕೋರಿ.

ಉಲ್ಲೇಖ:
1) ವಾರ್ಡಿನ ಬಾಗಿಲ ಮೇಲಿನ ಸೂಚನೆ: "ಐದು ಗಂಟೆಯ ನಂತರ ಸಂಬಂಧಿಕರಿಗೆ ಪ್ರವೇಶವಿಲ್ಲ. ನೋಂದಾಯಿತ ಸ್ಪರ್ಶ ಚಿಕಿತ್ಸಕರಿಗೆ ಅರ್ಧ ಗಂಟೆ ಮಾತ್ರ."
2) ನಿನ್ನೆ ಅದೇ ಬಾಗಿಲಲ್ಲಿ ತಾವು ಕೇಳಿದ ಮೌಖಿಕ ಪ್ರಶ್ನೆ: "ಏನ್ ಸಾರ್, ಈ ಬ್ಯಾಡ್ಜಲ್ಲಿರೋ ಫೋಟೋ ಹೆಂಗಸಿಂದಲ್ವಾ?"

ಮಾನ್ಯರೇ,

ಉಲ್ಲೇಖ (2)ಕ್ಕೆ ಉತ್ತರ: ಹೌದು, ಹೆಂಗಸಿನದೇ. ಉಳಿದ ವಿವರಗಳನ್ನು ತಮ್ಮ ಅವಗಾಹನೆಗೆ ಈ ಕೆಳಗಿನಂತೆ ಸಲ್ಲಿಸುತ್ತಿದ್ದೇನೆ.

1. ನಾನು ಇಪ್ಪತ್ತಾರು ವರ್ಷಗಳಿಂದ ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕೆಲಸದಲ್ಲಿದ್ದೇನೆ. ಮುದ್ರೆಯಿಲ್ಲದ ಬಟ್ಟು ಕಂಡರೆ ಜಪ್ತಿ ಮಾಡುತ್ತೇನೆ. ಅಳೆಯಲಾಗದ್ದು ಇಲ್ಲವೇ ಇಲ್ಲ ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತದಿಂದ ಮನೆಯವರಿಗೆ ಆಗಿರುವ ಕಿರಿಕಿರಿಯ ಅಳತೆಯನ್ನು ಮಾತ್ರ ನಾನು ತೆಗೆದಿಲ್ಲ.

2. ನನ್ನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಿ, ಕೀಮೋ ನಾಲ್ಕು ಸುತ್ತು ಮುಗಿದಿದೆ, ಇನ್ನೆರಡು ಬಾಕಿ ಇದೆ. ನಾಲ್ಕನೆಯದು ಅವಳನ್ನು ತೀರಾ ನಿತ್ರಾಣ ಮಾಡಿದ ಕಾರಣ ಹದಿನೆಂಟು ದಿನಗಳಿಂದ ತಮ್ಮ ವಾರ್ಡಿನಲ್ಲೇ ಇದ್ದಾಳೆ. ಆಗ ಅವಳ ಅಕ್ಕ, ಅಂಗೈಯಿಂದ ಶಕ್ತಿ ಹರಿಸುವ ಒಬ್ಬ ಸ್ಪರ್ಶ ಚಿಕಿತ್ಸಕಿಯನ್ನು ಕರೆತರುತ್ತೇನೆಂದರು. ನಾನು ರೇಗಾಡಿದೆ. ಡಾಕ್ಟರು ಮಾತ್ರ, "ಔಷಧಿ ಒಂದು ಹನಿನೂ ತಪ್ಪಬಾರ್ದು. ಅದರ ಜೊತೆಗೆ ಯಾರಾದ್ರೂ ಕೈ ಇಟ್ರೆ ನನ್ನ ತಕರಾರಿಲ್ಲ. ಗಡ್ಡೆ ಕರಗುತ್ತೆ ಅಂತ ಮಾತ್ರ ಯಾರೂ ಹೇಳ್ಕೂಡದು," ಎಂದು ಚೀಟಿ ಬರೆದುಕೊಟ್ಟರು. ಆದ್ದರಿಂದ ನನ್ನ ರೇಗಾಟ ಮುಕ್ತಾಯಗೊಂಡಿತು.

3. ಬಂದವರು ಹಿಂದೆ ಬಟ್ಟೆ ಹೊಲಿಯುತ್ತಿದ್ದವರು; ವಾರ್ಡಿನಲ್ಲೆಲ್ಲ ಟೈಲರಮ್ಮ ಎಂದೇ ಹೆಸರು. ಮೊದಲ ದಿನ ಅವರು ಮೂರು ಗಂಟೆಗೇ ಬಂದರು. ನಾನು ರಜೆ ಹಾಕಿ ತಪಾಸಣೆಗೆ ನಿಂತೆ. ಕೈ ಇಡುವ ಮುಂಚೆ ಮತ್ತು ಇಟ್ಟ ನಂತರ ಅವರ ಎರಡೂ ಅಂಗೈಗಳ ಉಷ್ಣತೆ ದಾಖಲಿಸಿದೆ. ವ್ಯತ್ಯಾಸ ಸೊನ್ನೆ. ಶಕ್ತಿ ಹೊರಟುಹೋದ ಮೇಲೆ ತೂಕವೇನಾದರೂ ಇಳಿದಿದೆಯೇ ಎಂದು ಅಂಗೈಯನ್ನು ಚಿಕ್ಕ ತಕ್ಕಡಿಯ ಮೇಲೂ ಇಡಿಸಿದೆ. ಇಳಿದಿರಲಿಲ್ಲ. ಟೈಲರಮ್ಮ ನಕ್ಕು, "ಅಳತೆ ತಗೊಳ್ಳೋದು ನನ್ನ ಕಸುಬು ಸಾರ್, ನೀವ್ಯಾಕೆ ಅದಕ್ಕೂ ಕೈ ಹಾಕ್ತೀರಾ?" ಎಂದರು. ಅಷ್ಟರಲ್ಲಿ ನನ್ನ ಹೆಂಡತಿ ನಿದ್ದೆಹೋಗಿದ್ದಳು. ಕಾಕತಾಳೀಯ ಎಂದು ಬರೆದುಕೊಂಡೆ. ಮರುದಿನವೂ, ಅದರ ಮರುದಿನವೂ ಕಾಕತಾಳೀಯ ಮುಂದುವರಿಯಿತು.

4. ಎಂಟು ದಿನಗಳ ಹಿಂದೆ ಟೈಲರಮ್ಮನಿಗೆ ಕೆಮ್ಮು ಹಿಡಿಯಿತು. ಕೆಮ್ಮುವವರನ್ನು ವಾರ್ಡಿನೊಳಗೆ ಬಿಡುವುದಿಲ್ಲ, ನ್ಯಾಯವಾದ ನಿಯಮ. ಅವರು ತಮ್ಮ ಚಿಕಿತ್ಸಕರ ಬ್ಯಾಡ್ಜನ್ನು ವಾರ್ಡಿಗೆ ಒಪ್ಪಿಸಲೆಂದು ನನ್ನ ಕೈಗೆ ಕೊಟ್ಟು, "ನೀವೇ ಇಡಿ ಸಾರ್. ಒತ್ತಬಾರ್ದು, ಎಳೀಬಾರ್ದು, ಮಾತಾಡಬಾರ್ದು. ಮೂರನೇದು ನಿಮಗೆ ಕಷ್ಟ," ಎಂದರು. ನನ್ನ ಕಚೇರಿ ಮುಗಿಯುವುದು ನಾಲ್ಕೂವರೆಗೆ. ಬಸ್ಸಿಳಿದು ಮೆಟ್ಟಿಲು ಹತ್ತಿದರೆ ಹೆಂಡತಿಯ ಮುಖ ನೋಡಲು ಉಳಿಯುವುದು ಹತ್ತು ನಿಮಿಷ. ಆದಕಾರಣ ಬ್ಯಾಡ್ಜನ್ನು ಒಪ್ಪಿಸುವ ಬದಲು ಕೊರಳಿಗೆ ಹಾಕಿಕೊಂಡೆ. ಕಾವಲುಗಾರ ಬ್ಯಾಡ್ಜಿನ ಬಣ್ಣ ನೋಡುತ್ತಾನೆಯೇ ಹೊರತು ಮುಖ ನೋಡುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ತಾವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ.

5. ಮೊದಲ ದಿನ ಹೆಂಡತಿಯ ಭುಜದ ಮೇಲೆ ನಾನು ಕೈ ಇಟ್ಟಾಗ ಅವಳು, "ಏನ್ರೀ, ಸೀಲು ಹೊಡೀತಾ ಇದೀರಾ? ಒತ್ತಬೇಡ್ರೀ!" ಎಂದಳು. ಎರಡನೇ ದಿನ ನನಗೇ ತೂಕಡಿಕೆ ಬಂದು ಹಣೆ ಮಂಚದ ಕಂಬಿಗೆ ಬಡಿಯಿತು. ಪಟ್ಟಿ ಹಾಕಿದ ಚಿಕ್ಕ ಸಿಸ್ಟರು, "ಶಕ್ತಿ ಜಾಸ್ತಿ ಆಯ್ತಾ ಸಾರ್?" ಎಂದು ವಿಚಾರಿಸಿದರು. ನನ್ನ ಕೈಯಿಂದ ಹರಿದದ್ದು ಬೆವರು ಮಾತ್ರ. ಆದಾಗ್ಯೂ ನಾಲ್ಕನೇ ನಂಬರಿನ ಅಜ್ಜಿ, "ನನ್ನ ಸೊಂಟಕ್ಕೂ ಒಂದೈದು ನಿಮಿಷ ಇಡಪ್ಪಾ," ಎಂದು ಕರೆದರು. ಇಟ್ಟೆ. "ನಿನ್ನ ಕೈಗುಣ ಬಹಳ ಒಳ್ಳೇದು ಕಣಪ್ಪಾ," ಎಂದರು. ಈ ಮಾತನ್ನು ನಮ್ಮ ವ್ಯಾಪ್ತಿಯ ಯಾವ ಅಂಗಡಿಯವನೂ ಒಪ್ಪಲಾರ.

6. ನಾಲ್ಕನೇ ದಿನ ನಡೆದದ್ದನ್ನು ಬರೆಯದಿದ್ದರೆ ಅರ್ಜಿ ಅಪೂರ್ಣವಾಗುತ್ತದೆ. ಕೈ ಹಾಗೇ ಇತ್ತು. ನಾನು ಮಾತಾಡಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ, "ನಂಗೆ ತುಂಬಾ ಭಯ ಆಗತ್ತೆ ರೀ," ಎಂದಳು. ಕಾಯಿಲೆ ಗೊತ್ತಾದ ಏಳು ತಿಂಗಳಲ್ಲಿ ಇದೇ ಮೊದಲು. ನನಗೆ ದಿನಾ "ಚೆನ್ನಾಗಿದೀನಿ" ಎಂದೇ ಹೇಳುತ್ತಿದ್ದಳು. ಭಯವನ್ನೆಲ್ಲ ಟೈಲರಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದಳಂತೆ. ನನಗ್ಯಾಕೆ ಹೇಳಲಿಲ್ಲ ಎಂದೆ. "ನಿಮಗೆ ಹೇಳಿದ್ರೆ, ಎಷ್ಟು ಭಯ ಅಂತ ಕೇಳ್ತಿದ್ರಿ."

ಮಾನ್ಯರೇ, ಕೇಳುತ್ತಿದ್ದೆ. ಹತ್ತಕ್ಕೆ ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. "ನಂಗೂ ಭಯ ಕಣೇ," ಎಂದೆ. ಅವಳು ಅತ್ತಳು, ನಾನೂ ಅತ್ತೆ. ಚಿಕಿತ್ಸಕರು ಅಳಬಾರದೆಂದು ಸೂಚನೆಯಲ್ಲಿ ಎಲ್ಲೂ ಇಲ್ಲದ ಕಾರಣ ಇದನ್ನು ನಿಯಮ ಉಲ್ಲಂಘನೆಯೆಂದು ಪರಿಗಣಿಸಬಾರದಾಗಿ ವಿನಂತಿ. ಅಂದು ಅವಳು ಊಟಕ್ಕೆ ಎಬ್ಬಿಸುವವರೆಗೂ ಮಲಗಿದ್ದಳೆಂದು ಆಮೇಲೆ ತಿಳಿಯಿತು.

7. ನಿನ್ನೆ ತಾವು ಬ್ಯಾಡ್ಜ್ ಕಿತ್ತುಕೊಂಡಿರಿ. ಮಾಡಿದ್ದು ಸರಿ, ನಾನಾಗಿದ್ದರೆ ಪಂಚನಾಮೆಯನ್ನೂ ಬರೆಯುತ್ತಿದ್ದೆ. ಆದ್ದರಿಂದ ತಪ್ಪೊಪ್ಪಿಗೆಯೊಂದಿಗೆ ಕೋರುವುದೇನೆಂದರೆ, ನನ್ನನ್ನು ಚಿಕಿತ್ಸಕ ಎಂದಲ್ಲ, ಗಂಡ ಎಂದೇ ನಮೂದಿಸಿ ಆ ಅರ್ಧ ಗಂಟೆಯನ್ನು ಮಂಜೂರು ಮಾಡಬೇಕು. ಈ ಕೈಗಳಲ್ಲಿ ಗುಣಪಡಿಸುವ ಯಾವ ಶಕ್ತಿಯೂ ಇಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ಸಿದ್ಧನಿದ್ದೇನೆ. ಸದರಿ ಮುಚ್ಚಳಿಕೆಯನ್ನು ನಾಲ್ಕನೇ ನಂಬರಿನ ಅಜ್ಜಿಗೆ ಯಾವ ಕಾರಣಕ್ಕೂ ತೋರಿಸಕೂಡದು.

ಇಂತಿ,
ಸದ್ಯಕ್ಕೆ ವಿಶ್ವಾಸಕ್ಕೆ ಅರ್ಹನಲ್ಲದ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
ಡಾಕ್ಟರ ಚೀಟಿಯ ನಕಲು.
ಟೈಲರಮ್ಮನ ಅಂಗೈಗಳ ಉಷ್ಣತಾ ಪಟ್ಟಿ, ಮೂರು ಪ್ರತಿ (ಯಾರೂ ಕೇಳಿಲ್ಲ).
ಮೂರನೇ ನಂಬರಿನವರ ಒಪ್ಪಿಗೆ ಪತ್ರ. ಸಹಿ ಅವರದೇ, ಸೂಜಿ ಚುಚ್ಚಿದ ಕೈಯಲ್ಲಿ ಬರೆದದ್ದರಿಂದ ಅಕ್ಷರ ಸೊಟ್ಟಗಿದೆ.

ವಿ. ಸೂ.: ಐದನೇ ಸುತ್ತು ಗುರುವಾರ. ಅಷ್ಟರೊಳಗೆ ಆದೇಶ ಆಗದಿದ್ದಲ್ಲಿ, ಅಂದು ಐದು ಗಂಟೆಗೆ ಬಿಡುವಿರುವ ಯಾರಾದರೊಬ್ಬರು ನನ್ನ ಬದಲಿಗೆ ಅವಳ ಮೇಲೆ ಕೈ ಇಡಬೇಕಾಗಿ ಕೋರಿಕೆ. ಇಡುವ ಮುನ್ನ ಅಂಗೈಗಳನ್ನು ಚೆನ್ನಾಗಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳತಕ್ಕದ್ದು. ಈ ಔಷಧಿ ಶುರುವಾದಾಗಿನಿಂದ ತಣ್ಣಗಿನದೇನು ತಾಗಿದರೂ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ನನಗೆ ಇದು ಹೋದ ವಾರವಷ್ಟೇ ಗೊತ್ತಾಯಿತು.